ರಸ್ತೆ ಏನು ನಿಮ್ಮಪ್ಪಂದಾ ಅನ್ನುವ ಮೊದಲು

ಎರಡು ಸಂಚಿಕೆ ಹಿಂದೆ ಈ ಪುಟದಲ್ಲಿ ಮಂಡಿನೋವಿನ ಬಗ್ಗೆ ಬರೆಯುತ್ತಾ, ನಾನು ವಾರಕ್ಕೆ ಮೂರು ದಿನ ಆಫೀಸಿಗೆ ಸೈಕಲ್ಲಿನಲ್ಲಿ ಹೋಗುತ್ತೇನೆ, ಉಳಿದ ದಿನ ಕಾರು ಅಂತ ಒಂದು ಸಾಲು ಸೇರಿಸಿದ್ದೆ. ಅಷ್ಟೇ. ಮಂಡಿನೋವಿನ ಬಗ್ಗೆ ಬಂದದ್ದು ಒಂದೇ ಪತ್ರ. ಉಳಿದದ್ದೆಲ್ಲ ರಸ್ತೆ ಜಗಳ. ಅರ್ಧ ಜನ ಸೈಕಲ್‌ನವರನ್ನು ಬೈದಿದ್ದಾರೆ, ಇನ್ನರ್ಧ ಜನ ಕಾರಿನವರನ್ನು. ಬೈಗುಳ ಕಳೆದ ಮೇಲೂ ಪ್ರಶ್ನೆ ಉಳಿದಿದ್ದ ಪತ್ರಗಳನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ದಿನಾ ಹುಣಸೂರು ರಸ್ತೆಯಲ್ಲಿ ಕಾರು ಓಡಿಸುವವನು. ಎಡಗಡೆ ಅಷ್ಟೊಂದು ಜಾಗ ಖಾಲಿ ಇದ್ದರೂ ಸೈಕಲ್‌ನವರು ಬೇಕಂತಲೇ ರಸ್ತೆ ಮಧ್ಯಕ್ಕೆ ಬರುತ್ತಾರೆ. ಹಾರ್ನ್ ಹೊಡೆದರೂ ಸರಿಯುವುದಿಲ್ಲ. ರೋಡ್ ಟ್ಯಾಕ್ಸ್ ಕಟ್ಟುವವರು ನಾವು, ರಸ್ತೆ ಅವರಪ್ಪಂದಾ? — ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಕಾರಿನಲ್ಲಿ ಕೂತಾಗ ನನಗೂ ಹಾಗೇ ಅನಿಸುತ್ತದೆ. ಒಂದು ಕೆಲಸ ಮಾಡಿ. ಭಾನುವಾರ ಬೆಳಿಗ್ಗೆ ಕಾರು ನಿಲ್ಲಿಸಿ, ಆ 'ಖಾಲಿ ಜಾಗ'ದಲ್ಲಿ ಅರ್ಧ ಕಿಲೋಮೀಟರ್ ನಡೆಯಿರಿ. ಕಾರಿನಿಂದ ಕಾಣದ ಏನೇನೋ ಕಾಣುತ್ತದೆ. ಮಳೆಗೆ ಕೊಚ್ಚಿಕೊಂಡು ಬಂದ ಮರಳು, ಬಾಟಲಿ ಚೂರು, ರಸ್ತೆಗಿಂತ ನಾಲ್ಕು ಬೆರಳು ತಗ್ಗಿರುವ ಚೇಂಬರ್ ಮುಚ್ಚಳ, ಟೈರು ಸರಿಯಾಗಿ ಒಳಗಿಳಿಯುವಂಥ ಚರಂಡಿ ಜಾಲರಿ, ಆಮೇಲೆ ಯಾರೋ ಅಡ್ಡಾದಿಡ್ಡಿ ನಿಲ್ಲಿಸಿದ ಕಾರು. ಇವೆಲ್ಲಕ್ಕಿಂತ ಕೆಟ್ಟದ್ದು ಟಾರಿನ ಅಂಚು. ಊರಾಚೆ ರಸ್ತೆಗಳಲ್ಲಿ ಟಾರಿನ ಮೇಲೆ ಟಾರು ಹಾಕಿ ಹಾಕಿ, ಪಕ್ಕದ ಮಣ್ಣು ತಗ್ಗಾಗಿ, ಅರ್ಧ ಅಡಿಯ ಮೆಟ್ಟಿಲೇ ಆಗಿರುತ್ತದೆ. ಕಾರಿನ ಚಕ್ರ ಅಲ್ಲಿಗೆ ಇಳಿದರೆ ಧಡಕ್ಕಂತ ಒಂದು ಸದ್ದು, ಅಷ್ಟೇ. ಸೈಕಲ್ ಚಕ್ರ ಇಳಿದರೆ ವಾಪಸ್ ಹತ್ತುವುದಿಲ್ಲ, ಹತ್ತಿಸಲು ಹೋದರೆ ಅಂಚಿಗೆ ಉಜ್ಜಿ, ಬಲಗಡೆಗೆ ಅಂದರೆ ಸರಿಯಾಗಿ ನಿಮ್ಮ ಕಾರಿನ ಮುಂದಕ್ಕೇ ಬೀಳಿಸುತ್ತದೆ. ನಾನು ಹಾಗೆ ಒಮ್ಮೆ ಬಿದ್ದಿದ್ದೇನೆ. ಹಿಂದೆ ಬರುತ್ತಿದ್ದ ಟೆಂಪೋದವರು ಸ್ವಲ್ಪ ದೂರ ಬಿಟ್ಟುಕೊಂಡಿದ್ದರು, ಹಾಗಾಗಿ ಮೊಣಕೈ ಮಾತ್ರ ತರಚಿತು. 'ಸರೀರಿ ಪಕ್ಕಕ್ಕೆ' ಅಂತ ಅದಕ್ಕೂ ಒಂದು ನಿಮಿಷ ಮುಂಚೆ ಹಾರ್ನ್ ಹೊಡೆದವರು ಬೇರೆಯವರು, ಅವರು ಆಗಲೇ ಹೊರಟುಹೋಗಿದ್ದರು.

ಅದಕ್ಕೇ ತಿಳಿದವರು ಅಂಚಿನಿಂದ ಸುಮಾರು ಮೂರು ಅಡಿ ಬಿಟ್ಟು ತುಳಿಯುತ್ತಾರೆ. ನಿಮಗೆ 'ಮಧ್ಯ' ಅಂತ ಕಾಣುವುದು ಹೆಚ್ಚಾಗಿ ಇದೇ.

ಈಗ ಲೆಕ್ಕ ನೋಡಿ. ಎರಡು ಲೇನಿನ ರಸ್ತೆ ಅಂದರೆ ಸಾಮಾನ್ಯವಾಗಿ 7 ಮೀಟರ್, ನಿಮ್ಮ ಪಾಲಿಗೆ ಮೂರೂವರೆ. ಸೈಕಲ್ ಸವಾರ ಅಂಚಿನಿಂದ ಒಂದು ಮೀಟರ್ ಒಳಗಿದ್ದಾನೆ, ಹ್ಯಾಂಡಲ್‌ನ ಬಲ ಅರ್ಧಕ್ಕೆ ಇನ್ನೊಂದು ಅಡಿ. ನಿಮ್ಮ ಕಾರಿನ ಅಗಲ ಒಂದೂ ಮುಕ್ಕಾಲು ಮೀಟರ್. ಇಬ್ಬರ ನಡುವೆ ಒಂದೂವರೆ ಮೀಟರ್ ಬಿಡಬೇಕು ಅಂತ ಬ್ರಿಟನ್ನಿನ ರಸ್ತೆ ನಿಯಮಾವಳಿ ಹೇಳುತ್ತದೆ, ಅವರೂ ನಮ್ಮ ಹಾಗೆ ಎಡಕ್ಕೇ ಓಡಿಸುವವರು. ಎಲ್ಲ ಕೂಡಿಸಿದರೆ ನಾಲ್ಕೂವರೆ ಮೀಟರ್ ದಾಟುತ್ತದೆ. ಅಂದರೆ ಎದುರು ಲೇನಿಗೆ ಹೋಗದೆ ಓವರ್‌ಟೇಕ್ ಮಾಡುವ ಜಾಗ ಅಲ್ಲಿ ಮೊದಲಿಂದಲೂ ಇರಲೇ ಇಲ್ಲ. ಎದುರಿನಿಂದ ಬಸ್ ಬರುತ್ತಿದ್ದರೆ ಕಾಯಬೇಕು, ಅದಕ್ಕೆ ಸೈಕಲ್‌ನವನು ಎಡಕ್ಕೆ ಸರಿದರೂ ಒಂದೇ, ಸರಿಯದಿದ್ದರೂ ಒಂದೇ. ಇಕ್ಕಟ್ಟಿನ ಜಾಗದಲ್ಲಿ ಕೆಲವರು ಬೇಕಂತಲೇ ಲೇನಿನ ನಡುವೆ ಬರುತ್ತಾರೆ, ನಿಜ. ಸಂದಿಯಲ್ಲಿ ತೂರಲು ಹೋಗಿ ನೀವು ಅವರನ್ನು ಸವರಿಕೊಂಡು ಹೋಗಬಾರದು ಅಂತ. ಬ್ರಿಟನ್ 2022ರಲ್ಲಿ ನಿಯಮ ಬದಲಿಸಿದಾಗ ಇದನ್ನು ಸರಿ ಅಂತಲೇ ಬರೆಯಿತು.

ಕಾದರೆ ಹೋಗುವುದೆಷ್ಟು? ಗಂಟೆಗೆ 15 ಕಿ.ಮೀ. ತುಳಿಯುವವರ ಹಿಂದೆ 100 ಮೀಟರ್ ಹೋಗಲು 24 ಸೆಕೆಂಡ್ ಬೇಕು. ನಿಮ್ಮ 40ರ ವೇಗದಲ್ಲಿ 9. ನಷ್ಟ 15 ಸೆಕೆಂಡ್. ಮುಂದಿನ ಸಿಗ್ನಲ್‌ನಲ್ಲಿ ನೀವು ಹೇಗೂ ಅದಕ್ಕಿಂತ ಜಾಸ್ತಿ ಹೊತ್ತು ನಿಲ್ಲುತ್ತೀರಿ, ಅಲ್ವಾ?

ಟ್ಯಾಕ್ಸ್ ವಿಷಯ ಬೇಗ ಮುಗಿಸುತ್ತೇನೆ. ಊರೊಳಗಿನ ರಸ್ತೆಗೆ ಎಲ್ಲರ ತೆರಿಗೆಯೂ ಸೇರುತ್ತದೆ, ಸೈಕಲ್ ಟ್ಯೂಬ್ ಕೊಂಡವನು ಕಟ್ಟಿದ ಜಿಎಸ್‌ಟಿಯೂ ಸೇರಿ. ಆ ಸೈಕಲ್‌ನವರೆಲ್ಲ ನಾಳೆ ಒಂದೊಂದು ಕಾರು ತಂದರೆ ನಿಮ್ಮ ಪಾರ್ಕಿಂಗ್ ಗತಿ ಏನು, ಅದನ್ನೂ ಒಮ್ಮೆ ಯೋಚಿಸಿ. 

ಸೈಕಲ್‌ನವರಿಗೂ ಒಂದು ಮಾತು ಇದೇ ಉತ್ತರದಲ್ಲಿ ಹೇಳಿಬಿಡುತ್ತೇನೆ. ಮೂರು ಅಡಿ ಬಿಟ್ಟು ನೆಟ್ಟಗೆ ಹೋಗುವುದು ನಿಮ್ಮ ಹಕ್ಕು. ಗುಂಡಿ ಕಂಡ ತಕ್ಷಣ ಹಿಂದೆ ನೋಡದೆ ಬಲಕ್ಕೆ ಎಳೆಯುವುದು ಹಕ್ಕಲ್ಲ. ನಿಂತ ಕಾರು ಇಪ್ಪತ್ತು ಮಾರು ದೂರ ಇರುವಾಗಲೇ ತಿರುಗಿ ನೋಡಿ, ಕೈ ತೋರಿಸಿ, ನಿಧಾನ ಹೊರಗೆ ಬನ್ನಿ. ಎರಡು ಕಾರುಗಳ ನಡುವಿನ ಸಂದಿಗೆ ಒಳಗೆ ಹೊರಗೆ ಅಂತ ಹಾವಿನ ಹಾಗೆ ಹೋಗಬೇಡಿ. ಹಿಂದಿನವರಿಗೆ ನೀವು ಮುಂದೇನು ಮಾಡುತ್ತೀರಿ ಅಂತ ಗೊತ್ತಾಗಬೇಕು.

ಪ್ರಶ್ನೆ: ಸೈಕಲ್‌ನಲ್ಲಿ ರಸ್ತೆಯ ಬಲಗಡೆ ಹೋದರೆ ಎದುರು ಬರುವ ಗಾಡಿ ಚೆನ್ನಾಗಿ ಕಾಣುತ್ತದೆ. ಹಿಂದಿನಿಂದ ಯಾರು ಗುದ್ದುತ್ತಾರೋ ಅನ್ನುವ ಭಯ ಇರಲ್ಲ. ಇದು ತಪ್ಪಾ? — ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ತಪ್ಪು. ಫುಟ್‌ಪಾತ್ ಇಲ್ಲದ ಕಡೆ ನಡೆಯುವವರು ಬಲಗಡೆ ನಡೆಯಬೇಕು ಅಂತ ಹೇಳಿಕೊಡುತ್ತಾರಲ್ಲ, ಅದನ್ನು ನೀವು ಸೈಕಲ್‌ಗೆ ಹಚ್ಚಿದ್ದೀರಿ. ನಡೆಯುವವರು ತಟಕ್ಕನೆ ಪಕ್ಕಕ್ಕೆ ಹಾರಬಹುದು, ಸೈಕಲ್ ಹಾರುವುದಿಲ್ಲ. ನೀವು 15ರಲ್ಲಿ ಹೋಗುತ್ತಿದ್ದೀರಿ, ಸ್ಕೂಟರ್ 45ರಲ್ಲಿ ಬರುತ್ತಿದೆ ಅನ್ನಿ. ಹಿಂದಿನಿಂದ ಬಂದರೆ ಇಬ್ಬರ ನಡುವಿನ ವೇಗ 30, ಎದುರಿನಿಂದ ಬಂದರೆ 60. ಅಂದರೆ ತಪ್ಪಿಸಿಕೊಳ್ಳುವ ಸಮಯ ಅರ್ಧಕ್ಕಿಳಿಯಿತು, ಗುದ್ದಿದರೆ ಪೆಟ್ಟು ನಾಲ್ಕು ಪಟ್ಟು. ಇನ್ನೊಂದು ಅಪಾಯ ಅಡ್ಡರಸ್ತೆಯಲ್ಲಿ ಇರುತ್ತದೆ. ಅಲ್ಲಿಂದ ಎಡಕ್ಕೆ ತಿರುಗುವವರು ಬಲಕ್ಕೆ ಕತ್ತು ತಿರುಗಿಸಿಕೊಂಡು ಬರುತ್ತಾರೆ, ಯಾಕೆಂದರೆ ಗಾಡಿ ಬರುವುದು ಆ ಕಡೆಯಿಂದ. ನೀವು ಅವರ ಎಡಗಡೆಯಿಂದ ಬಂದರೆ ಅವರು ನಿಮ್ಮನ್ನು ನೋಡುವುದೇ ಇಲ್ಲ. ಹಿಂದಿನ ಭಯಕ್ಕೆ ಹ್ಯಾಂಡಲ್‌ಗೊಂದು ಕನ್ನಡಿ ಹಾಕಿಸಿ, ಸಾಕು.

ಪ್ರಶ್ನೆ: ನಾವು ಪೇಪರ್ ಹಾಕುವವರು. ಬೆಳಗಿನ ಜಾವ ನಾಲ್ಕೂವರೆಗೆ ಸೈಕಲ್ ತೆಗೆಯಬೇಕು. ಆ ಹೊತ್ತಲ್ಲಿ ರಸ್ತೆ ಖಾಲಿ ಅಂತ ಕಾರಿನವರು ರಾಕೆಟ್ ಥರ ಬರುತ್ತಾರೆ. ಶನಿವಾರ ಭಾನುವಾರ ನಂದಿಬೆಟ್ಟಕ್ಕೆ ಹೋಗುವ ಲಕ್ಷ ರೂಪಾಯಿ ಸೈಕಲ್‌ನವರಿಗೆ ಮಿಣಮಿಣ ಲೈಟು, ಹೆಲ್ಮೆಟ್ಟು ಎಲ್ಲ ಇರುತ್ತೆ. ನಮ್ಮಂಥವರು ಏನು ಮಾಡಬೇಕು ಅಕ್ಕಾ? — ಪೇಪರ್ ಹಾಕುವವನು, ಬೆಂಗಳೂರು

ಉತ್ತರ: ಅಣ್ಣಾ, ಸೈಕಲ್ ಅಂದ ಕೂಡಲೇ ಎಲ್ಲರೂ ಹವ್ಯಾಸದವರ ಬಗ್ಗೆಯೇ ಮಾತಾಡುತ್ತೇವೆ (ನಾನೂ ಆ ಪೈಕಿಯೇ). ಹಾಲು, ಪೇಪರ್, ಸೊಪ್ಪು, ರಾತ್ರಿ ಪಾಳಿಯ ಸೆಕ್ಯುರಿಟಿ ಕೆಲಸ ಅಂತ ಕತ್ತಲಲ್ಲಿ ತುಳಿಯುವವರು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿ ಈ ಪುಟದ ಎಲ್ಲ ಪ್ರಶ್ನೆಗಳಲ್ಲಿ ನಿಮ್ಮದೇ ನನಗೆ ಮುಖ್ಯ ಅನಿಸಿತು.

ದುಡ್ಡು ಸ್ವಲ್ಪವೇ ಇದ್ದರೆ ಮೊದಲು ಹಿಂದುಗಡೆಗೆ ಖರ್ಚು ಮಾಡಿ, ಮುಂದಿನದು ಆಮೇಲೆ. ಬೀದಿದೀಪ ಇರುವ ಊರಲ್ಲಿ ನಿಮಗೆ ರಸ್ತೆ ಹೇಗೋ ಕಾಣುತ್ತದೆ, ಹಿಂದಿನವರಿಗೆ ನೀವು ಕಾಣಬೇಕು. ಒಂದು ಕೆಂಪು ಲೈಟು, ಕ್ಯಾರಿಯರ್‌ಗೆ ಗಟ್ಟಿಯಾಗಿ ಕಟ್ಟಿ. ಪೇಪರ್ ಹೊರೆ ಅದನ್ನು ಮುಚ್ಚದ ಹಾಗೆ ಕೆಳಗೆ, ಮಡ್‌ಗಾರ್ಡ್ ಮೇಲೆ. ಅದೂ ಆಗದಿದ್ದರೆ ಲಾರಿಗಳಿಗೆ ಅಂಟಿಸುವ ರೇಡಿಯಂ ಟೇಪು. ಸ್ಟಿಕರ್ ಅಂಗಡಿಯಲ್ಲಿ ತುಂಡು ತುಂಡಾಗಿ ಕೊಡುತ್ತಾರೆ. ಹಿಂದಿನ ಮಡ್‌ಗಾರ್ಡ್‌ಗೆ ಕೆಂಪು, ಪೆಡಲ್‌ನ ಎರಡೂ ಅಂಚಿಗೆ ಹಳದಿ. ಪೆಡಲ್ ಯಾಕೆಂದರೆ ಅದು ಮೇಲೆ ಕೆಳಗೆ ಆಡುತ್ತಿರುತ್ತದೆ. ನಿಂತ ಬೆಳಕನ್ನು ಡ್ರೈವರ್ ಕಣ್ಣು ಯಾವುದೋ ಕಂಬ ಅಂದುಕೊಂಡು ಬಿಟ್ಟುಬಿಡುತ್ತದೆ, ಮೇಲೆ ಕೆಳಗೆ ಆಡುವ ಎರಡು ಚುಕ್ಕಿ ನೋಡಿದರೆ ಇದು ಮನುಷ್ಯ ಅಂತ ತಕ್ಷಣ ಗೊತ್ತಾಗುತ್ತದೆ. ಕಪ್ಪು ಜರ್ಕಿನ್ ಬೇಡ. ಚಳಿಗೆ ಅದೇ ಇದೆ ಅಂದರೆ ಮೇಲೆ ಹಳೇ ಬಿಳಿ ಬನಿಯನ್ ಎಳೆದುಕೊಳ್ಳಿ, ನಗುವವರು ನಗಲಿ.

ನಮ್ಮ ತಂದೆ ಕಾಲದಲ್ಲಿ ಸಂಜೆ ಸೈಕಲ್‌ಗೆ ಡೈನಮೋ ಉರಿಯದಿದ್ದರೆ ಪೊಲೀಸರು ಹಿಡಿಯುತ್ತಿದ್ದರು, ಡಬಲ್ಸ್ ಹೋದರೂ ಹಿಡಿಯುತ್ತಿದ್ದರು. ಆಗ ರಸ್ತೆಯಲ್ಲಿ ಇದ್ದದ್ದೇ ನಾಲ್ಕು ಕಾರು. ಈಗ ಕಾರು ತುಂಬಿದ ಮೇಲೆ ಸೈಕಲ್ ದೀಪವನ್ನು ಕೇಳುವವರೇ ಇಲ್ಲ, ವಿಚಿತ್ರ.

ಇನ್ನು ಆ ರಾಕೆಟ್‌ನವರಿಗೆ. 60ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಓಡುತ್ತದೆ. ಕಂಡು, ಬ್ರೇಕಿಗೆ ಕಾಲು ಹಾಕುವಷ್ಟರಲ್ಲೇ ಆ ದೂರ ಮುಗಿದಿರುತ್ತದೆ, ಕಾರು ನಿಲ್ಲುವುದು ಅದರಾಚೆ. ಎದುರಿನಿಂದ ಯಾರಾದರೂ ಹೈಬೀಮ್ ಬಿಟ್ಟು ಬಂದರೆ ಒಂದೆರಡು ಸೆಕೆಂಡ್ ನಿಮಗೆ ಏನೂ ಕಾಣುವುದಿಲ್ಲ, ಆ ಹೊತ್ತಲ್ಲೂ ಅದೇ ವೇಗದಲ್ಲಿ ಹೋದರೆ ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೆ. ಹೈಬೀಮ್ ಕಂಡಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ನೀವೂ ಡಿಮ್ ಮಾಡಿ, ಎದುರಿಗೆ ಬರುತ್ತಿರುವುದು ಬರೀ ಸೈಕಲ್ ಆದರೂ ಸರಿ. ಅವರಿಗೂ ಕಣ್ಣಿದೆ.

ಪ್ರಶ್ನೆ: ನಾನು ಕ್ಯಾಬ್ ಚಾಲಕ. ಸಿಗ್ನಲ್ ಹತ್ತಿರ ಗಿರಾಕಿ ನನಗೆ ಹೇಳದೆ ಬಲಗಡೆ ಡೋರ್ ತೆಗೆದರು. ಸೈಕಲ್‌ನಲ್ಲಿ ಬರುತ್ತಿದ್ದ ಹುಡುಗ ಗುದ್ದಿ ಬಿದ್ದ. ಹಲ್ಲು ಮುರಿಯಿತು. ಗಿರಾಕಿ ಹೊರಟುಹೋದರು, ಜನ ಹಿಡಿದದ್ದು ನನ್ನನ್ನು. ಇಂಥದ್ದು ಆಗದ ಹಾಗೆ ಏನು ಮಾಡಲಿ? — ಬೆಂಗಳೂರು

ಉತ್ತರ: ಹಿಂದಿನ ಬಲ ಬಾಗಿಲು ಒಳಗಿನಿಂದ ತೆರೆಯದ ಹಾಗೆ ಚೈಲ್ಡ್ ಲಾಕ್ ಹಾಕಿಬಿಡೋಣ ಅನಿಸಬಹುದು, ಆದರೆ ಟ್ಯಾಕ್ಸಿಗಳಲ್ಲಿ ಅದಕ್ಕೆ ನಿಷೇಧ ಇದೆ.  ಎಲ್ಲರೂ ಎಡಗಡೆಯಿಂದಲೇ ಇಳಿಯಬೇಕು, ಅದೂ ನೀವು ಹೇಳಿದ ಮೇಲೆ. ಗಿರಾಕಿ ಹತ್ತಿದಾಗಲೇ ಇದನ್ನು ಹೇಳಿಬಿಡಿ. ಎಡಗಡೆಯೂ ಪೂರ್ತಿ ಸೇಫ್ ಅಲ್ಲ, ಅಲ್ಲಿ ತೂರುವ ಬೈಕುಗಳು ಬೇಕಾದಷ್ಟು. ಪೂರ್ತಿ ಪಕ್ಕಕ್ಕೆ ನಿಲ್ಲಿಸಿ, ಕನ್ನಡಿ ನೋಡಿ, 'ಈಗ ಇಳೀರಿ' ಅಂತ ನೀವೇ ಹೇಳಿ.

ಸ್ವಂತ ಕಾರಿನವರಿಗೂ ಒಂದು ಉಪಾಯ ಇದೆ, ಯುರೋಪಿನ ಸೈಕಲ್ ಊರುಗಳಲ್ಲಿ ಇದನ್ನು ಕಲಿಸುತ್ತಾರೆ: ಬಾಗಿಲನ್ನು ಹತ್ತಿರದ ಕೈಯಿಂದ ತೆರೆಯದೆ ದೂರದ ಕೈಯಿಂದ ತೆರೆಯುವುದು. ನಮ್ಮಲ್ಲಿ ಚಾಲಕರು ಬಲಗಡೆ ಕೂರುವುದರಿಂದ ಎಡಗೈ. ಈಗಲೇ ಕುರ್ಚಿಯಲ್ಲಿ ಕೂತು ಮಾಡಿ ನೋಡಿ. ಎಡಗೈ ಬಲಕ್ಕೆ ಚಾಚಿದಾಗ ಭುಜ ತಿರುಗುತ್ತದೆ, ಭುಜದ ಜೊತೆ ಕತ್ತೂ ತಿರುಗುತ್ತದೆ, ಹಿಂದೆ ಬರುವವರು ತಾನಾಗಿ ಕಾಣುತ್ತಾರೆ. ನನಗೆ ಅಭ್ಯಾಸವಾಗಲು ಹದಿನೈದು ದಿನ ಹಿಡಿಯಿತು.

ಹುಡುಗನ ಹಲ್ಲಿನ ಖರ್ಚಿನ ಬಗ್ಗೆ ನೀವು ಬರೆದಿಲ್ಲ. ಕೆಳಗಿನ ಉತ್ತರ ಓದಿ.

ಪ್ರಶ್ನೆ: ನನ್ನ ತಮ್ಮ ಸೈಕಲ್‌ನಲ್ಲಿ ಗಿರಣಿಗೆ ಹೋಗುವಾಗ ಕಾರು ಗುದ್ದಿ ಕಾಲು ಮುರಿಯಿತು. 'ನಿನಗೆ ಲೈಸೆನ್ಸ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಕೇಸ್ ಹಾಕಿದರೆ ನಿನಗೇ ತೊಂದರೆ' ಅಂತ ಕಾರಿನವರು ಎರಡು ಸಾವಿರ ಕೊಟ್ಟು ಕಳಿಸಿದ್ದಾರೆ. ಇದು ಸರಿಯಾ? — ದಾವಣಗೆರೆ

ಉತ್ತರ: ಶುದ್ಧ ಸುಳ್ಳು. ಸೈಕಲ್‌ಗೆ ಲೈಸೆನ್ಸೂ ಬೇಡ, ಇನ್ಶೂರೆನ್ಸೂ ಬೇಡ, ಅದು ಮೋಟಾರು ವಾಹನವೇ ಅಲ್ಲ. ಇನ್ಶೂರೆನ್ಸ್ ಇರಬೇಕಾದದ್ದು ಕಾರಿಗೆ. ಥರ್ಡ್ ಪಾರ್ಟಿ ವಿಮೆ ಅಂತ ಕಡ್ಡಾಯ ಮಾಡಿರುವುದು ಯಾರಿಗಾಗಿ ಅಂದುಕೊಂಡಿದ್ದೀರಿ? ಆ 'ಥರ್ಡ್ ಪಾರ್ಟಿ' ನಿಮ್ಮ ತಮ್ಮನೇ.

ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಎಫ್‌ಐಆರ್ ಪ್ರತಿ ತೆಗೆದುಕೊಳ್ಳಿ. ಆಸ್ಪತ್ರೆಯ ಗಾಯದ ಸರ್ಟಿಫಿಕೇಟ್, ಬಿಲ್ಲು, ಎಕ್ಸ್‌ರೇ, ಕೆಲಸಕ್ಕೆ ಹೋಗದ ದಿನಗಳ ಸಂಬಳದ ದಾಖಲೆ, ಮುರಿದ ಸೈಕಲ್‌ನ ಫೋಟೋ, ಎಲ್ಲ ಒಂದು ಕವರಿನಲ್ಲಿಡಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಅಪಘಾತವಾದ ಊರಲ್ಲೇ ಆಗಬೇಕೆಂದಿಲ್ಲ, ನೀವಿರುವ ಊರಿನಲ್ಲೂ ಹಾಕಬಹುದು. ಆರು ತಿಂಗಳ ಗಡುವು ಕಾನೂನಿನಲ್ಲಿದೆ, ಹಾಗಾಗಿ ಹಬ್ಬ ಮುಗಿಯಲಿ ಅಂತ ಕೂರಬೇಡಿ. ನಿಮ್ಮ ತಮ್ಮನ ತಪ್ಪೂ ಸ್ವಲ್ಪ ಇದ್ದರೆ, ಅಂದರೆ ರಾಂಗ್ ಸೈಡ್‌ನಲ್ಲಿ ಬಂದಿದ್ದರೆ, ಪರಿಹಾರದಲ್ಲಿ ಅಷ್ಟು ಪಾಲು ಕಡಿಮೆ ಆಗಬಹುದು. ಪೂರ್ತಿ ಹೋಗುವುದಿಲ್ಲ. ಎರಡು ಸಾವಿರ ಕೊಟ್ಟಾಗ ಯಾವುದಾದರೂ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರೆ ಅದನ್ನು ವಕೀಲರಿಗೆ ಮೊದಲೇ ತೋರಿಸಿ, ಬಚ್ಚಿಡಬೇಡಿ.

ಗುದ್ದಿ ಓಡಿಹೋದ ಗಾಡಿಯ ನಂಬರೇ ಸಿಗಲಿಲ್ಲ ಅಂದರೂ ದಾರಿ ಇದೆ. ಅದಕ್ಕೇ ಅಂತ ಇರುವ ಯೋಜನೆಯಲ್ಲಿ ಸಾವಾದರೆ 2 ಲಕ್ಷ, ತೀವ್ರ ಗಾಯವಾದರೆ 50,000 ರೂಪಾಯಿ. 2022ರ ಏಪ್ರಿಲ್‌ನಿಂದ ಈ ಮೊತ್ತ ಇದೆ. ಇನ್ನು 2025ರಲ್ಲಿ ಬಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆಯಲ್ಲಿ, ಮೋಟಾರು ವಾಹನದಿಂದ ಅಪಘಾತವಾದ ಯಾರಿಗೇ ಆಗಲಿ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷದಷ್ಟು ಚಿಕಿತ್ಸೆ ಸಿಗಬೇಕು.

ನೋಡುತ್ತಾ ನಿಲ್ಲುವವರಿಗೂ ಇದನ್ನು ಹೇಳಬೇಕು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸರು ಎಳೆದಾಡುತ್ತಾರೆ ಅನ್ನುವ ಹೆದರಿಕೆ ಇನ್ನೂ ಇದೆ. ಸಹಾಯ ಮಾಡಿದವರನ್ನು ಹೆಸರು ಹೇಳಿ ಅಂತಲೂ ಒತ್ತಾಯ ಮಾಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅವರಿಗೆ ಕಾನೂನಿನ ರಕ್ಷಣೆ ಬಂದಿದೆ.

ಪ್ರಶ್ನೆ: ಮಗ ಎಂಟನೇ ಕ್ಲಾಸ್, ಸ್ಕೂಲು ಮೂರು ಕಿಲೋಮೀಟರ್. ಸೈಕಲ್ ಬೇಕು ಅನ್ನುತ್ತಿದ್ದಾನೆ. ನಮ್ಮ ಯಜಮಾನರು ಸೈಕಲ್ ಅಪಾಯ, ಇನ್ನೊಂದು ವರ್ಷ ತಡೆದು ಸ್ಕೂಟಿ ಕೊಡಿಸೋಣ ಅಂತಾರೆ. ಏನು ಮಾಡಲಿ? — ತುಮಕೂರಿನ ತಾಯಿ

ಉತ್ತರ: ಯಜಮಾನರಿಗೆ ಇದನ್ನು ಓದಿಸಿ. ಹದಿನಾರು ತುಂಬದವರಿಗೆ ಯಾವ ಲೈಸೆನ್ಸೂ ಇಲ್ಲ. ಹದಿನಾರಕ್ಕೆ ಸಿಗುವುದೂ 50 ಸಿಸಿ ಮೀರದ, ಗೇರಿಲ್ಲದ ಗಾಡಿಗೆ ಮಾತ್ರ, ಅಂಗಡಿಯಲ್ಲಿರುವ ಹೆಚ್ಚಿನ ಪೆಟ್ರೋಲ್ ಸ್ಕೂಟರ್‌ಗಳು ಅದರ ಎರಡು ಪಟ್ಟಿಗೂ ಜಾಸ್ತಿ. ಮಗ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಸೈಕಲ್ ಅಗ್ಗ. 2006-07ರಿಂದ ನಮ್ಮ ಸರ್ಕಾರವೇ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತ್ತು, ಆ ವಯಸ್ಸಿಗೆ ಅದೇ ಸರಿಯಾದ ಗಾಡಿ ಅಂತ ತಾನೇ?

ಆದರೆ ಕೊಡಿಸಿದ ಮಾರನೇ ದಿನವೇ ಬಿ.ಎಚ್. ರಸ್ತೆಗೆ ಬಿಡಬೇಡಿ. ಮೈದಾನದಲ್ಲಿ ಮೂರು ಪರೀಕ್ಷೆ ಮಾಡಿ. ನೆಟ್ಟಗೆ ತುಳಿಯುತ್ತಾ ಬಲಭುಜದ ಮೇಲಿಂದ ಹಿಂದೆ ನೋಡಬೇಕು, ಸೈಕಲ್ ಓಲಾಡಬಾರದು. ಒಂದು ಕೈ ಬಿಟ್ಟು ಸಿಗ್ನಲ್ ತೋರಿಸಲು ಬರಬೇಕು. ಎರಡೂ ಬ್ರೇಕ್ ಒಟ್ಟಿಗೆ ಹಿಡಿದು, ನೀವು ಗೆರೆ ಎಳೆದ ಕಡೆ ನಿಲ್ಲಿಸಬೇಕು. ಹಿಂದೆ ನೋಡುವಾಗ ಓಲಾಡಿದರೆ ಇನ್ನೊಂದು ವಾರ ಮೈದಾನವೇ. ಆಮೇಲೆ ಒಂದು ಭಾನುವಾರ ನೀವೋ ಅವರೋ ಜೊತೆಗೆ ಸ್ಕೂಲಿನವರೆಗೆ ಹೋಗಿ ಬನ್ನಿ. ಸ್ವಲ್ಪ ಸುತ್ತಾದರೂ ಒಳರಸ್ತೆ ಹುಡುಕಿ. ದೊಡ್ಡ ಸರ್ಕಲ್‌ನಲ್ಲಿ ಇಳಿದು, ತಳ್ಳಿಕೊಂಡು ಜೀಬ್ರಾ ದಾಟಲಿ, ಅದರಲ್ಲಿ ಮರ್ಯಾದೆ ಹೋಗುವುದೇನಿಲ್ಲ. ಊಟದ ಬ್ಯಾಗನ್ನು ಹ್ಯಾಂಡಲ್‌ಗೆ ನೇತುಹಾಕಲು ಬಿಡಬೇಡಿ, ಅದು ತೂಗಿ ತೂಗಿ ಮುಂದಿನ ಚಕ್ರಕ್ಕೆ ಸಿಕ್ಕಿದರೆ ಹುಡುಗ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತಾನೆ. ಕ್ಯಾರಿಯರ್‌ಗೆ ಕಟ್ಟಲಿ. ಹೆಲ್ಮೆಟ್ ಸೈಕಲ್‌ನದ್ದೇ ಕೊಡಿಸಿ, ಬೈಕಿನದ್ದು ಭಾರ, ಎರಡೇ ದಿನಕ್ಕೆ ಬಿಸಾಡುತ್ತಾನೆ.

ಪ್ರಶ್ನೆ: ಸೈಕಲ್‌ಗೆ ಬೇರೆ ದಾರಿ ಮಾಡಿಬಿಟ್ಟರೆ ಈ ಜಗಳವೇ ಇರಲ್ಲ ಅಲ್ವಾ? — ಶಿವಮೊಗ್ಗ

ಉತ್ತರ: ಮಾಡಿದ್ದರಲ್ಲ. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಲೇನ್ ಮಾಡಿದರು. ಬೈಕ್‌ನವರು ಒಳಗೆ ನುಗ್ಗಿದರು, ಕಂಬಗಳು ಮುರಿದವು, ಆಮೇಲೆ ಮೆಟ್ರೋ ಕೆಲಸ ಬಂತು. ಸೈಕಲ್ ದಾರಿಯಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ ಅಂತ ನಿಯಮ ಇದ್ದೇ ಇದೆ. ನಡೆಯುವವರು ಮತ್ತು ಸೈಕಲ್‌ನವರ ಹಕ್ಕಿಗೆ ಅಂತಲೇ 2021ರಲ್ಲಿ ರಾಜ್ಯದಲ್ಲಿ ಒಂದು ಮಸೂದೆಯ ಕರಡೂ ತಯಾರಾಗಿತ್ತು. ಬೇರೆ ದಾರಿ ಬೇಕು, ಖಂಡಿತ ಬೇಕು. ಆದರೆ ಮನೆಯಿಂದ ಆ ದಾರಿಯವರೆಗೆ ಹೋಗಲಾದರೂ ಎಲ್ಲರ ಜೊತೆಗಿನ ರಸ್ತೆಯೇ ಗತಿ.

ಪ್ರಶ್ನೆ: ನಾವು ರೇಸ್‌ಗೆ ಪ್ರಾಕ್ಟೀಸ್ ಮಾಡುವ ಹುಡುಗರು. ಹೈವೇಯಲ್ಲಿ ಇಬ್ಬಿಬ್ಬರು ಜೋಡಿಯಾಗಿ ಹೋಗಬಹುದಾ? — ವಿಜಯಪುರ

ಉತ್ತರ: ನಿಮ್ಮ ಕಡೆಯ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಜ್ಯಕ್ಕೆ ತಂದ ಪದಕಗಳಿಗೆ ನನ್ನದೊಂದು ಸಲಾಮು. ಅಗಲವಾದ ಶೋಲ್ಡರ್ (ರಸ್ತೆಯ ಅಂಚಿನ ಪಟ್ಟಿ) ಇದ್ದು ಹಿಂದೆ ಯಾರೂ ಇಲ್ಲದಾಗ ಜೋಡಿ ಪರವಾಗಿಲ್ಲ, ಹಿಂದೆ ಗಾಡಿ ಬಂದರೆ ಒಂದೇ ಸಾಲು. ಕಬ್ಬಿನ ಸೀಸನ್‌ನಲ್ಲಿ ಮಾತ್ರ ಸೂರ್ಯ ಹುಟ್ಟುವ ಮುಂಚೆ ಹೋಗಲೇಬೇಡಿ. ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರ್ ರಸ್ತೆಯಲ್ಲೇ ಕೆಟ್ಟು ನಿಂತಿರುತ್ತದೆ, ತಲೆ ಬಗ್ಗಿಸಿ ತುಳಿಯುವವರಿಗೆ ಕಾಣುವುದಿಲ್ಲ.

ಪ್ರಶ್ನೆ: ಸಿಗ್ನಲ್‌ನಲ್ಲಿ ಸೈಕಲ್‌ನವರೂ ನಿಲ್ಲಬೇಕಾ ಆಂಟಿ? — ಏಳನೇ ಕ್ಲಾಸ್, ಹುಬ್ಬಳ್ಳಿ

ಉತ್ತರ: ನಿಲ್ಲಬೇಕು ಪುಟ್ಟಾ. ಎಲ್ಲಿ ನಿಲ್ಲುತ್ತೀ ಅನ್ನುವುದು ಇನ್ನೂ ಮುಖ್ಯ. ಬಸ್ಸಿನ, ಲಾರಿಯ ಎಡ ಪಕ್ಕಕ್ಕೆ ಅಂಟಿಕೊಂಡು ಯಾವತ್ತೂ ನಿಲ್ಲಬೇಡ. ಹಸಿರು ಬಂದು ಅದು ಎಡಕ್ಕೆ ತಿರುಗಿದರೆ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಕ್ಕೆ, ನಿನ್ನ ಕಡೆಗೆ ಬರುತ್ತದೆ. ಬಸ್ಸಿನ ಹಿಂದೆಯೇ ನಿಲ್ಲು, ಸ್ವಲ್ಪ ದೂರ ಬಿಟ್ಟು. ಕನ್ನಡಿಯಲ್ಲಿ ಡ್ರೈವರ್ ಅಂಕಲ್ ಮುಖ ನಿನಗೆ ಕಾಣದಿದ್ದರೆ ನೀನೂ ಅವರಿಗೆ ಕಾಣುತ್ತಿಲ್ಲ ಅಂತ ಲೆಕ್ಕ.

ಇನ್ನು ಮಂಡಿನೋವಿನ ಬಗ್ಗೆ ಬರೆದ ಆ ಒಬ್ಬರು, ಕಾರವಾರದವರು: ನಿಮ್ಮ ಸೀಟು ತಗ್ಗಾಗಿರಬೇಕು. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಅಷ್ಟು ಎತ್ತರಿಸಿ. ಎರಡು ವಾರ ತುಳಿದು ನೋಡಿ, ಆಮೇಲೂ ನೋವಿದ್ದರೆ ಡಾಕ್ಟರಿಗೆ ತೋರಿಸಿ.